ಸನದು ಇದೆ, ಪಾಟೀಸವಾಲು ಬೇಡ

ಪ್ರಶ್ನೆ: ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ಕಾನೂನು ಓದಿ, ನಾಲ್ಕು ವರ್ಷಗಳಿಂದ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿದ್ದೇನೆ. ಕಡತ ಓದುವುದು, ಕರಡು ಬರೆಯುವುದು ನನಗೆ ಇಷ್ಟ. ಆದರೆ ಪಾಟೀಸವಾಲಿನ ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ. ವಕೀಲಿಕೆ ಬಿಟ್ಟರೆ ಇಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎನ್ನುತ್ತಾರೆ ತಂದೆ. ಏನು ಮಾಡಲಿ?

ಉತ್ತರ: ನೀವು ಬೇಸತ್ತಿರುವುದು ನಿಂತು ವಾದಿಸುವ ಕೆಲಸಕ್ಕೆ, ಕಾನೂನಿನ ಮೇಲಿನ ಆಸಕ್ತಿ ಹಾಗೆಯೇ ಇದೆ. ಎರಡೂ ಒಂದೇ ಎಂದು ಭಾವಿಸಿರುವುದರಿಂದ ನಿಮ್ಮ ತಂದೆಯವರಿಗೆ ಆತಂಕವಾಗಿದೆ. ಲೇಖಕನೆಂದೇ ನಾವು ಬಲ್ಲ ಫ್ರಾನ್ಜ್ ಕಾಫ್ಕಾ 1906ರಲ್ಲಿ ಕಾನೂನಿನ ಡಾಕ್ಟರೇಟ್ ಪಡೆದರೂ ವಕೀಲನಾಗದೆ, 1908ರಿಂದ 1922ರವರೆಗೆ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ದುಡಿದ. ಮರ ಕೀಸುವ ಯಂತ್ರದ ಚೌಕ ದಂಡದಿಂದ ಕೆಲಸಗಾರರ ಬೆರಳುಗಳು ಹೋಗುತ್ತಿದ್ದುದನ್ನು ವಿವರಿಸಿ, ದುಂಡು ದಂಡ ಅಳವಡಿಸುವಂತೆ ಚಿತ್ರಸಹಿತ ಬರೆದ. ಕಾನೂನಿನ ಜೊತೆಗೆ ಯಂತ್ರವೂ ಅರ್ಥವಾದವನ ಬರವಣಿಗೆ ಅದು.

ನಿಮ್ಮಲ್ಲೂ ಅಂಥ ಜೋಡಿ ಇದೆ. ಅನೇಕ ದೇಶಗಳಲ್ಲಿ ಪೇಟೆಂಟ್ ಏಜೆಂಟರಾಗಲು, ಅಂದರೆ ಹೊಸ ಆವಿಷ್ಕಾರದ ಹಕ್ಕಿಗಾಗಿ ಅರ್ಜಿ ಬರೆದುಕೊಡುವವರಾಗಲು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿರಬೇಕು; ಹೀಗಾಗಿ ನಿಮ್ಮ ಸಹೋದ್ಯೋಗಿಗಳಲ್ಲಿ ಬಹುತೇಕರಿಗೆ ಆ ಬಾಗಿಲು ಮುಚ್ಚಿದೆ. ಅಲ್ಲಿ ಒಂದೊಂದು ಪದಕ್ಕೂ ತೂಕವಿದೆ. ಎರಡು ರಾಸಾಯನಿಕಗಳನ್ನು ‘ಒಳಗೊಂಡ’ ಮಿಶ್ರಣ ಎಂದು ಬರೆದರೆ, ಮೂರನೆಯದನ್ನು ಸೇರಿಸಿದ ಪ್ರತಿಸ್ಪರ್ಧಿಯೂ ಸಾಮಾನ್ಯವಾಗಿ ಹಕ್ಕಿನ ವ್ಯಾಪ್ತಿಯೊಳಗೆ ಸಿಲುಕುತ್ತಾನೆ. ಆ ಎರಡರಿಂದ ‘ಮಾತ್ರ’ ಆದದ್ದು ಎಂದು ಬರೆದರೆ ನುಣುಚಿಕೊಳ್ಳುತ್ತಾನೆ. ಕರಡಿನ ಮೇಲೆ ಪ್ರೀತಿ ಇರುವವರಿಗೆ ಇದಕ್ಕಿಂತ ರುಚಿಯಾದ ಕೆಲಸ ನನಗಂತೂ ತೋಚುತ್ತಿಲ್ಲ.

ಒಪ್ಪಂದಗಳ ಕರಡು, ಕಾನೂನು ಪುಸ್ತಕಗಳ ಸಂಪಾದನೆ, ಔಷಧ ಹಾಗೂ ರಾಸಾಯನಿಕ ಕಂಪನಿಗಳಲ್ಲಿ ನಿಯಮ ಪಾಲನೆಯ ಹೊಣೆ, 2018ರಲ್ಲಿ ಯುರೋಪಿನ ದತ್ತಾಂಶ ರಕ್ಷಣಾ ನಿಯಮ ಜಾರಿಗೆ ಬಂದ ಮೇಲೆ ಬೇಡಿಕೆ ಹೆಚ್ಚಿದ ದತ್ತಾಂಶ ರಕ್ಷಣಾಧಿಕಾರಿ ಹುದ್ದೆ, ಇವೂ ಇವೆ. ಮಧ್ಯಸ್ಥಿಕೆಯನ್ನು ಹಲವರು ಸೂಚಿಸಿಯಾರು. ಆದರೆ ಎದುರುಬದುರು ಕುಳಿತು ಜಗಳವಾಡುವವರ ನಡುವೆ ದಿನವಿಡೀ ಇರಬೇಕಾದ ಆ ಕೆಲಸದಿಂದ ನಿಮ್ಮ ನಿದ್ದೆ ಮರಳುತ್ತದೆಂದು ನನಗನಿಸುವುದಿಲ್ಲ.

ನಾಳೆಯೇ ರಾಜೀನಾಮೆ ಕೊಡಬೇಡಿ. ಪ್ರಕಟಿತ ಪೇಟೆಂಟ್‌ಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಿಮಗೆ ಪರಿಚಿತವಾದ ಒಂದು ಸಂಯುಕ್ತದ ಪೇಟೆಂಟನ್ನು ತೆಗೆದು, ಅದರ ಹಕ್ಕುಸಾಧನೆಯ ಭಾಗವನ್ನು, ಎಂದರೆ ಯಾವುದರ ಮೇಲೆ ಹಕ್ಕು ಕೇಳಲಾಗಿದೆ ಎಂದು ಹೇಳುವ ಭಾಗವನ್ನು, ಮುಚ್ಚಿಟ್ಟು ನೀವೇ ಬರೆದು, ಆಮೇಲೆ ಮೂಲದೊಂದಿಗೆ ಹೋಲಿಸಿ ನೋಡಿ. ಹತ್ತು ಸಂಜೆ ಹೀಗೆ ಮಾಡಿಯೂ ಬೇಸರ ಬಾರದಿದ್ದರೆ ಅರ್ಜಿ ಹಾಕಿ, ಅದರಲ್ಲಿ ಹಾಜರಾದ ಮೊಕದ್ದಮೆಗಳ ಬದಲು ಸ್ವತಃ ಸಿದ್ಧಪಡಿಸಿದ ಕರಡುಗಳ ಬಗೆ ಮತ್ತು ಸಂಖ್ಯೆಯನ್ನು ನಮೂದಿಸಿ. ಸಂಬಳದ ನೌಕರಿಯ ಜೊತೆಗೆ ವಕೀಲಿಕೆ ನಡೆಸಬಾರದೆಂಬ ನಿಯಮ ಕೆಲವೆಡೆ ಇದೆ. ಆದ್ದರಿಂದ ಸನದನ್ನು ತಾತ್ಕಾಲಿಕವಾಗಿ ತಡೆಹಿಡಿದು ಮತ್ತೆ ಪಡೆಯುವ ಅವಕಾಶವನ್ನು ವಕೀಲರ ಪರಿಷತ್ತಿನಲ್ಲಿ ವಿಚಾರಿಸಿ, ತಿಳಿದುದನ್ನು ತಂದೆಯವರಿಗೂ ಹೇಳಿ. ಹಿಂತಿರುಗುವ ದಾರಿ ಇದೆಯೆಂದು ಗೊತ್ತಾದರೆ ಅವರ ಮಾತಿನ ಬಿಗಿ ತುಸು ಸಡಿಲಬಹುದು.