ನಕ್ಕರೆ ಮಂಡಿ ಕುಸಿಯುತ್ತದೆ ಎಂದವರಿಗೆ

ಪ್ರಿಯ ಸಹೋದರಿ,

ಹೆಸರು, ಊರು ಅಚ್ಚು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬಿ.ಎಡ್. ಓದುತ್ತಿರುವ ನಿಮಗೆ ಎರಡು ವರ್ಷದಿಂದ ಹಗಲಲ್ಲಿ ತಡೆಯಲಾರದ ನಿದ್ದೆ. ನಕ್ಕಾಗ ಕೈಕಾಲಿನ ಬಲ ಹೋಗುತ್ತದೆ. ನರರೋಗ ತಜ್ಞರು ನಾರ್ಕೊಲೆಪ್ಸಿ, ಅಂದರೆ ನಿದ್ದೆ-ಎಚ್ಚರದ ಹಿಡಿತ ತಪ್ಪುವ ಮಿದುಳಿನ ರೋಗ ಇರಬಹುದು, ಪರೀಕ್ಷೆ ಮಾಡಿಸಿ ಎಂದಿದ್ದಾರೆ. ಮನೆಯವರು ಸೋಮಾರಿತನ ಅನ್ನುತ್ತಾರೆ, ಅಜ್ಜಿ ಗಾಳಿ ಸೋಕಿದೆ ಅನ್ನುತ್ತಾರೆ. ಮದುವೆಮನೆಯಲ್ಲಿ ಬಿದ್ದ ಮೇಲೆ ನಗುವುದನ್ನೇ ಬಿಟ್ಟಿದ್ದೇನೆ, ಸರಿ ತಾನೇ ಎಂದು ಕೇಳಿದ್ದೀರಿ.

ಆ ಮದುವೆಮನೆಯ ಪುಟವನ್ನು ಮೂರು ಸಲ ಓದಿದೆ. ಪಂಕ್ತಿಯಲ್ಲಿ ಕೋಸಂಬರಿ ಬಡಿಸುತ್ತಿದ್ದಿರಿ. ಅಕ್ಕನ ಮಗ ಏನೋ ಅಂದ, ನಗು ಉಕ್ಕಿತು. ಮೊದಲು ದವಡೆ ಜೋತಿತು, ಕತ್ತು ವಾಲಿತು, ಆಮೇಲೆ ಮಂಡಿ, ಪಾತ್ರೆ ಕೈಜಾರಿತು. ಯಾರೋ ಬೀಗದ ಕೈ ಹಿಡಿಸಿದರು, ಇನ್ಯಾರೋ ಮೂಗಿಗೆ ಈರುಳ್ಳಿ ಹಿಡಿದರು. 'ಮೂರ್ಛೆ ರೋಗದ ಹುಡುಗೀನ ಇನ್ಯಾರು ಮಾಡ್ಕೋತಾರೆ' ಎಂದ ಮಾತು ನಿಮಗೆ ಸ್ಪಷ್ಟವಾಗಿ ಕೇಳಿಸಿತು. ಉತ್ತರ ಕೊಡಲು ನಾಲಿಗೆ ಏಳಲಿಲ್ಲ. ಒಂದು ನಿಮಿಷದಲ್ಲಿ ಎದ್ದು ಕೂತಿರಿ.

ಎಲ್ಲವೂ ಕೇಳಿಸಿತಲ್ಲ, ಅದೇ ಮುಖ್ಯ. ನಕ್ಕಾಗ ಹೀಗೆ ಬಲ ಹೋಗಿ ಕುಸಿಯುವುದಕ್ಕೆ ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ಇದರಲ್ಲಿ ಪ್ರಜ್ಞೆ ತಪ್ಪುವುದಿಲ್ಲ, ಸ್ನಾಯುಗಳು ಮಾತ್ರ ಸಡಿಲಗೊಳ್ಳುತ್ತವೆ. ಕನಸು ಕಾಣುವಾಗ ನಾವು ಎದ್ದು ಓಡದಿರಲೆಂದು ಮಿದುಳು ಎಲ್ಲರ ಕೈಕಾಲನ್ನೂ ಕಟ್ಟಿಹಾಕುತ್ತದೆ. ಆ ಕಟ್ಟು ನಿಮಗೆ ಎಚ್ಚರದಲ್ಲೇ, ನಗುವಿನ ಹೊತ್ತಿಗೆ ಬಿಗಿಯುತ್ತದೆ. ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು 1998ರಲ್ಲಿ ಗುರುತಿಸಿದರು. ಕ್ಯಾಟಪ್ಲೆಕ್ಸಿ ಇರುವ ನಾರ್ಕೊಲೆಪ್ಸಿಯಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ಬಹುಪಾಲು ನಾಶವಾಗಿರುತ್ತವೆ ಎಂಬುದು 2000ದಲ್ಲಿ ತಿಳಿಯಿತು. ಇಲ್ಲಿ ಸೋಮಾರಿತನದ ಮಾತೆಲ್ಲಿ ಬಂತು?

ಪರೀಕ್ಷೆ ಮುಂದೂಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಒಂದು ರಾತ್ರಿ ತಲೆಗೆ ತಂತಿ ಅಂಟಿಸಿ ಮಲಗಿಸುತ್ತಾರೆ. ಮರುದಿನ ಎರಡೆರಡು ಗಂಟೆಗೊಮ್ಮೆ, ನಾಲ್ಕೈದು ಸಲ ನಿದ್ದೆಗೆ ಬಿಡುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಎರಡು ಸಲವಾದರೂ ಬೇಗನೆ ಕನಸಿನ ಘಟ್ಟ ತಲುಪಿದರೆ ರೋಗ ಖಚಿತವಾಗುತ್ತದೆ. ಇದನ್ನು ಮೂರ್ಛೆ ರೋಗವೆಂದೇ ತಿಳಿದು ಎಷ್ಟೋ ಮಂದಿ ಫಿಟ್ಸ್ ಮಾತ್ರೆ ನುಂಗುತ್ತಾ ವರ್ಷಗಳನ್ನು ಕಳೆದಿದ್ದಾರೆ. ನಿಮಗೆ ಹಾಗಾಗುವುದು ಬೇಡ.

ಬೇರುಸಹಿತ ವಾಸಿ ಮಾಡುವ ಔಷಧ ಇನ್ನೂ ಇಲ್ಲ, ಸುಳ್ಳು ಹೇಳಲಾರೆ. ಹಗಲಿನ ಎಚ್ಚರಕ್ಕೆ ಮೊಡಾಫಿನಿಲ್, ಕುಸಿತ ತಡೆಯಲು ವೆನ್ಲಫಾಕ್ಸಿನ್‌ನಂಥ ಮಾತ್ರೆ ವೈದ್ಯರು ಕೊಡುತ್ತಾರೆ. ಎರಡನೆಯದನ್ನು ನೀವೇ ದಿಢೀರ್ ನಿಲ್ಲಿಸಿದರೆ ಕುಸಿತ ಇನ್ನೂ ಜೋರಾಗಿ ಮರುಕಳಿಸುತ್ತದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ 20 ನಿಮಿಷದ ನಿದ್ದೆಗೆ ಅವಕಾಶ ಕೊಡಿ ಎಂದು ಪ್ರಾಂಶುಪಾಲರಿಗೆ ವೈದ್ಯರ ಚೀಟಿಯೊಂದಿಗೆ ಕೇಳಿ. ಅದು ದಾಕ್ಷಿಣ್ಯದ ಮಾತಲ್ಲ, ಚಿಕಿತ್ಸೆ. ರೋಗ ಹತೋಟಿಗೆ ಬರುವವರೆಗೆ ಸ್ಕೂಟರ್ ಮುಟ್ಟಬೇಡಿ, ಬಾವಿಕಟ್ಟೆಗೆ ಒಬ್ಬರೇ ಹೋಗಬೇಡಿ, ಕುದಿಯುವ ಸಾರಿನ ಪಾತ್ರೆ ಬೇರೆಯವರು ಎತ್ತಲಿ.

ನಗು ಬಿಡುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮನೆಯಲ್ಲಿ ಗೋಡೆಗೆ ಒರಗಿ ಕೂತು ನಗಿ. ಅಮ್ಮನಿಗೆ ಈ ಪುಟ ತೋರಿಸಿ: ಮಗಳು ವಾಲಿದಾಗ ಕೀಲಿ ಬೇಡ, ನೀರು ಚಿಮುಕಿಸುವುದು ಬೇಡ, ತಲೆಗೆ ಪೆಟ್ಟಾಗದಂತೆ ಕೈ ಕೊಟ್ಟು, 'ಇಲ್ಲೇ ಇದ್ದೀನಿ' ಅನ್ನಿ. ಆಕೆಗೆ ಕೇಳಿಸುತ್ತದೆ.

ಅಂದಹಾಗೆ, ಅಕ್ಕನ ಮಗ ಅಂದು ಏನು ಹೇಳಿ ನಗಿಸಿದ ಎಂಬುದನ್ನೇ ಬರೆದಿಲ್ಲ. ಮುಂದಿನ ಪತ್ರದಲ್ಲಿ ಬರೆಯಿರಿ.

— ಸಂಪಾದಕ