ಸೂಜಿ-ದಾರ ಪ್ರಶ್ನೋತ್ತರ: ಕುಣಿಯುವ ಮೈಗೆ ಅಳತೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸದಾಗಿ ಮಷಿನ್ ಮುಂದೆ ಕೂತವರದ್ದು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಹೊನ್ನಾವರದ ಪತ್ರಕ್ಕೆ ಉತ್ತರ ಉದ್ದವಾಗಿದೆ. ಮಕ್ಕಳ ವೇಷದ ಬಟ್ಟೆ ಎಂದರೆ ನನಗೆ ಮೊದಲಿನಿಂದಲೂ ಜೀವ.

ಅಕ್ಕಾ, ಮದುವೆಯಾಗಿ ಸಿದ್ದಾಪುರದ ಹತ್ತಿರದ ಹಳ್ಳಿಗೆ ಬಂದಿದ್ದೇನೆ. ಅತ್ತೆಯವರ ಹಳೆಯ ಕಾಲು ಮಷಿನ್ ಜಗುಲಿಯ ಮೂಲೆಯಲ್ಲಿ ಅಡಿಕೆ ಚೀಲದ ಹಿಂದೆ ಇತ್ತು. ಒರೆಸಿ ಎಣ್ಣೆ ಹಾಕಿದ್ದೇನೆ. ಬ್ಲೌಸ್ ಕಲಿಯುವ ಆಸೆ. ಆದರೆ ತುಳಿದರೆ ದಾರ ಹರಿಯುತ್ತದೆ, ಬಟ್ಟೆಯ ಅಡಿಗೆ ಗಂಟು ಗಂಟಾಗುತ್ತದೆ. ಎಲ್ಲಿಂದ ಶುರು ಮಾಡಲಿ?

ಬ್ಲೌಸಿನ ಆಸೆಯನ್ನು ಎರಡು ತಿಂಗಳು ಆ ಅಡಿಕೆ ಚೀಲದ ಪಕ್ಕದಲ್ಲೇ ಇಡಿ ತಂಗಿ. ಮೊದಲು ಕಾಲಿಗೂ ಕೈಗೂ ಹೊಂದಿಕೆ ಆಗಬೇಕು. ಮಷಿನ್ನಿನಿಂದ ದಾರ ಪೂರ್ತಿ ತೆಗೆಯಿರಿ. ಮಕ್ಕಳ ಗೆರೆ ಪುಸ್ತಕದ ಹಾಳೆಯೊಂದನ್ನು ಪಾದದ ಕೆಳಗಿಟ್ಟು ಗೆರೆಯ ಮೇಲೇ ಸೂಜಿ ಓಡಿಸಿ. ನೇರ ಗೆರೆ ಬಂದ ಮೇಲೆ ಬಟ್ಟಲು ಬೋರಲಿಟ್ಟು ಪೆನ್ಸಿಲಿನಲ್ಲಿ ಸುತ್ತು ಎಳೆದು ಅದರ ಮೇಲೆ ಓಡಿಸಿ. ಚಕ್ರವನ್ನು ಯಾವಾಗಲೂ ನಿಮ್ಮ ಕಡೆಗೆ ತಿರುಗಿಸಿಯೇ ತುಳಿಯಲು ಶುರು ಮಾಡಬೇಕು. ಹಿಂದಕ್ಕೆ ತಿರುಗಿದರೆ ದಾರ ಹರಿಯುತ್ತದೆ. ನಿಮ್ಮದು ಹರಿಯುತ್ತಿರುವುದಕ್ಕೆ ಅರ್ಧ ಕಾರಣ ಇದೇ ಇರಬಹುದು.

ಅಡಿಗೆ ಗಂಟು ಬಂತೆಂದರೆ ಎಲ್ಲರೂ ಕೆಳಗಿನ ದಾರ ಕೂರುವ ಬಾಬಿನ್ ಕೇಸಿನ ತಿರುಪಿಗೆ ಕೈ ಹಾಕುತ್ತಾರೆ. ಹಾಕಬೇಡಿ. ಅಡಿಗೆ ಕಾಣುವ ಗಂಟು ಮೇಲಿನ ದಾರದ್ದು. ಅದು ಬಿಗಿ ಕೊಡುವ ಎರಡು ಬಿಲ್ಲೆಗಳ ನಡುವೆ ಕೂತಿಲ್ಲ, ಇಲ್ಲವೆ ಸಡಿಲವಾಗಿದೆ. ಪಾದವನ್ನು ಮೇಲೆತ್ತಿ, ದಾರವನ್ನು ಮೊದಲಿನಿಂದ ಪೋಣಿಸಿ ನೋಡಿ. ಅತ್ತೆಯವರ ಕಾಲದ ಸೂಜಿಯನ್ನೂ ಬದಲಿಸಿ. ಪಾಪ್ಲಿನ್ನಿಗೆ 14ನೇ ನಂಬರ್ ಸಾಕು, ದಪ್ಪ ಬಟ್ಟೆಗೆ 16. ತೆಳು ವಾಯಲ್ಲಿಗೆ 11. ಹಳೆಯ ಸೂಜಿ ತೆಗೆಯುವಾಗ ಅದರ ಚಪ್ಪಟೆ ಬದಿ ಯಾವ ಕಡೆಗಿತ್ತು ಎಂದು ನೋಡಿಕೊಂಡು ಹೊಸದನ್ನೂ ಹಾಗೇ ಕೂರಿಸಿ. ಕಾಗದದ ಮೇಲೆ ಓಡಿಸಿದ ಸೂಜಿ ಮೊಂಡಾಗಿರುತ್ತದೆ, ಅದನ್ನು ಬಟ್ಟೆಗೆ ಬಳಸಬೇಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಚರ್ಮದ ಬೆಲ್ಟ್ ಜೋಲುತ್ತದೆ. ಚಕ್ರ ಜಾರತೊಡಗಿದರೆ ಬೆಲ್ಟನ್ನು ಅರ್ಧ ಇಂಚು ಕತ್ತರಿಸಿ ತಂತಿ ಕೊಕ್ಕೆ ಮತ್ತೆ ಹಾಕಬೇಕು.

ಆಮೇಲೆ ದಿಂಬಿನ ಚೀಲ, ಕೈಚೀಲ. ಅದಾದ ಮೇಲೆ 2 ಮೀಟರ್ ಪಾಪ್ಲಿನ್ ತಂದು ಆರು ತುಂಡಿನ ಪೆಟಿಕೋಟ್ ಹೊಲಿಯಿರಿ. ಅದರಲ್ಲಿ ನೇರ ಅಂಚಿಗೆ ಓರೆ ಅಂಚು ಸೇರುತ್ತದೆ. ಓರೆ ಕತ್ತರಿಸಿದ ಬಟ್ಟೆ ಎಳೆದರೆ ಹೇಗೆ ಉದ್ದವಾಗುತ್ತದೆ ಎಂಬುದು ಕೈಗೆ ಗೊತ್ತಾಗುವುದು ಅಲ್ಲೇ. ಬ್ಲೌಸಿನ ಕತ್ತು, ಕಂಕುಳು, ಕ್ರಾಸ್ ಪಟ್ಟಿ ಎಲ್ಲದರಲ್ಲೂ ಆ ಓರೆಯದ್ದೇ ಕೆಲಸ. ಕತ್ತರಿಸುವ ಮೊದಲು ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ.

ನಾನು ಹೊನ್ನಾವರದಲ್ಲಿ ಆಟೋ ಓಡಿಸುವವನು. ಸೀಟ್ ಕವರ್ ಹೊಲಿದು ಅಷ್ಟಿಷ್ಟು ಅಭ್ಯಾಸವಿದೆ. ಮಗ ಆರನೇ ತರಗತಿ, ಯಕ್ಷಗಾನ ಕಲಿಯುತ್ತಿದ್ದಾನೆ. ಈ ವರ್ಷ ಬಭ್ರುವಾಹನನ ಪಾತ್ರ. ಹೋದ ವರ್ಷ ಬಾಡಿಗೆಗೆ ತಂದ ದಗಲೆ, ಅಂದರೆ ವೇಷದ ಅಂಗಿ, ದೊಡ್ಡದಾಗಿ, ಅವನು ಕೈ ಎತ್ತಿದಾಗೆಲ್ಲ ಭುಜ ಕಿವಿಗೆ ಬರುತ್ತಿತ್ತು. ಮನೆಯಲ್ಲೇ ವೇಷ ಹೊಲಿಯಬಹುದೇ?

ಎಲ್ಲ ವೇಷ ಅಲ್ಲ. ದಗಲೆ ಖಂಡಿತ ಹೊಲಿಯಬಹುದು.

ಯಾವುದು ಹೊಲಿಯುವುದು, ಯಾವುದು ಕಟ್ಟುವುದು ಎಂದು ಮೊದಲು ಬೇರೆ ಮಾಡಿಕೊಳ್ಳಿ. ಕಸೆ ಸೀರೆ ಕಟ್ಟುವ ವಸ್ತು, ಅದಕ್ಕೆ ಕತ್ತರಿ ತಾಗಿಸಬಾರದು. ಆ ಚೌಕುಳಿ ಸೀರೆಯನ್ನು ಕಚ್ಚೆಯಾಗಿ ಉಡಿಸುವುದು ಬಲ್ಲವರಿಂದಲೇ ಆಗಬೇಕು. ಬಭ್ರುವಾಹನನ ಕೇದಗೆ ಮುಂದಲೆಯೂ ಹಾಗೆಯೇ, ಬಟ್ಟೆ ಸುತ್ತಿ ಸುತ್ತಿ ತಲೆಯ ಮೇಲೇ ಕಟ್ಟುವಂಥದ್ದು. ಭುಜಕೀರ್ತಿ, ಎದೆಪದಕ, ಡಾಬು ಇವು ಹಗುರ ಮರದ ಕೆಲಸ, ಬಾಡಿಗೆಗೇ ತನ್ನಿ. ನಿಮ್ಮ ಪಾಲಿಗೆ ಉಳಿಯುವುದು ತುಂಬುತೋಳಿನ ದಗಲೆ. ಒಳಗೆ ಮಂಡಿ ಮುಚ್ಚುವ ಚಲ್ಲಣ ಹಾಕಿಸುವುದಾದರೆ ಅದೂ ನಿಮ್ಮದೇ. ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಯಕ್ಷಗಾನದ ಮಕ್ಕಳು ಮಂಡಿ ಹಾಕಿ ತಿರುಗದೆ ಬಿಡುವವರಲ್ಲ. ಚಲ್ಲಣದ ಮಂಡಿಗೆ ಒಳಗಿನಿಂದ ಎರಡು ಪದರ ಹತ್ತಿ ಬಟ್ಟೆ ಕೊಡಿ.

ಬಾಡಿಗೆ ದಗಲೆಯ ಭುಜ ಕಿವಿಗೆ ಬಂದದ್ದು ಅದು ದೊಡ್ಡದಿದ್ದುದರಿಂದ ಮಾತ್ರ ಎಂದುಕೊಳ್ಳಬೇಡಿ. ದೊಡ್ಡ ಅಂಗಿಯ ಕಂಕುಳು ತುಂಬ ಕೆಳಗಿರುತ್ತದೆ. ತೋಳು ಮೇಲೆ ಹೋದರೆ ಜೊತೆಗೆ ಅಂಗಿ ಇಡೀ ಮೇಲೆ ಹೋಗುತ್ತದೆ. ಕುಣಿಯುವವನಿಗೆ ಕಂಕುಳು ಮೈಗೆ ಹತ್ತಿರ, ಎತ್ತರದಲ್ಲೇ ಇರಬೇಕು. ಅಗಲ ಬೇಕಾದದ್ದು ಕಂಕುಳಿನ ಅಡಿಗೆ. ಅದಕ್ಕೆ ಹಳಬರು ಮಾಡುತ್ತಿದ್ದ ಉಪಾಯ ಒಂದು ಚೌಕ ತುಂಡು. 4 ಇಂಚಿನ ಚೌಕವನ್ನು ಮೂಲೆ ಮೇಲೆ ಮಾಡಿ, ತೋಳು ಮತ್ತು ಪಕ್ಕದ ಹೊಲಿಗೆ ಕೂಡುವ ಜಾಗದಲ್ಲಿ ಸೇರಿಸುವುದು. ಕೈ ಇಳಿಸಿದಾಗ ಅದು ಒಳಗೆ ಮಡಚಿಕೊಂಡು ಕಾಣುವುದೇ ಇಲ್ಲ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ಕೂರಿಸಿ, ಆಮೇಲೆ ಮಷಿನ್ನಿಗೆ ಕೊಡಿ. ಸೀಟ್ ಕವರಿನ ಮೂಲೆ ತಿರುಗಿಸಿದ ಕೈಗೆ ಇದು ಕಷ್ಟವಾಗಲಾರದು.

ಇದನ್ನು ನಾನು ಕಲಿತದ್ದು ನೋವಾದ ಮೇಲೆ. ಕುಮಟೆಯಲ್ಲಿ ಅಂಗಡಿ ಇಟ್ಟ ಮೊದಲ ವರ್ಷ, ಶಾಲೆಯ ಆಟಕ್ಕೆ ಒಬ್ಬ ಹುಡುಗನ ದಗಲೆ ಹೊಲಿದುಕೊಟ್ಟಿದ್ದೆ. ಅಳತೆ ತೆಗೆದದ್ದು ಅವನನ್ನು ನೆಟ್ಟಗೆ ನಿಲ್ಲಿಸಿ. ಮೈಗೆ ಹೇಳಿ ಮಾಡಿಸಿದಂತೆ ಕೂತಿತ್ತು, ಅವನ ತಾಯಿ ಬಹಳ ಮೆಚ್ಚಿದ್ದರು. ರಂಗಕ್ಕೆ ಬಂದು ಮೊದಲ ಸುತ್ತಿಗೇ ಬಲ ಕಂಕುಳು ಹರಿಯಿತು. ಆಮೇಲೆ ಆಟ ಮುಗಿಯುವವರೆಗೂ ಆ ಮಗು ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡೇ ಕುಣಿಯಿತು. ಮೂರು ತಿಂಗಳು ಕಲಿತದ್ದನ್ನು ಒಂದು ಕೈಯಲ್ಲಿ ಆಡಿ ತೋರಿಸಬೇಕಾಯಿತು ಅವನಿಗೆ. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ವೇಷದ ಬಟ್ಟೆಗೆ ಅಳತೆ ತೆಗೆಯುವಾಗ ಮಕ್ಕಳನ್ನು ನಿಲ್ಲಿಸುವುದು ಬಿಟ್ಟು ಕುಣಿಸುತ್ತೇನೆ. ಎದೆ ಸುತ್ತಳತೆಯನ್ನು ಉಸಿರು ತುಂಬಿಸಿ ತೆಗೆಯಿರಿ. ಬೆನ್ನಿನ ಅಗಲವನ್ನು ಎರಡೂ ಕೈ ಮುಂದೆ ಚಾಚಿಸಿ, ತೋಳಿನ ಉದ್ದವನ್ನು ಮೊಣಕೈ ಮಡಚಿಸಿ. ಬೆನ್ನುದ್ದ ಮಂಡಿಯೂರಿ ಬಗ್ಗಿದಾಗಿನದು ಬೇಕು. ನಿಂತಾಗಿನ ಅಳತೆಗೂ ಇದಕ್ಕೂ ಒಂದೆರಡು ಇಂಚು ವ್ಯತ್ಯಾಸ ಸಿಗುತ್ತದೆ, ಬರೆದಿಟ್ಟುಕೊಂಡು ನೋಡಿ.

ಲೆಕ್ಕ ಹೀಗೆ. ಮಗನ ಎದೆ 28 ಇಂಚು ಎಂದುಕೊಳ್ಳಿ. ಅದಕ್ಕೆ 4 ಇಂಚು ಸಡಿಲ ಸೇರಿಸಿದರೆ 32. ನಾಲ್ಕರಿಂದ ಭಾಗಿಸಿದರೆ ಒಂದು ಮಡಿಕೆಗೆ 8. ಅದರ ಮೇಲೆ ಪಕ್ಕದ ಹೊಲಿಗೆಗೆ 1 ಇಂಚು, ಒಟ್ಟು 9. ಅಂಗಡಿಯವರು ಅರ್ಧ ಇಂಚು ಬಿಡುತ್ತಾರೆ, ನೀವು ಪೂರ್ತಿ 1 ಇಂಚು ಬಿಡಿ. ಒಳಗೆ ಬಟ್ಟೆಯಿದ್ದರೆ ಮುಂದಿನ ವರ್ಷ ಬಿಚ್ಚಿ ಬಿಡಿಸಬಹುದು. ನಾಲ್ಕು ಕಡೆ ಮುಕ್ಕಾಲು ಇಂಚು ಬಿಡಿಸಿದರೆ ಸುತ್ತಳತೆಗೆ 3 ಇಂಚು ಸಿಕ್ಕಿತು. ತೋಳಿನ ತುದಿಯಲ್ಲೂ 2 ಇಂಚು ಒಳಮಡಿಕೆ ಇರಲಿ. ಆರನೇ ತರಗತಿಯ ಹುಡುಗನ ಕೈ ನೋಡನೋಡುತ್ತ ಉದ್ದವಾಗುತ್ತದೆ. 36 ಇಂಚು ಅಗಲದ ಬಟ್ಟೆಯಾದರೆ ಮೇಲಿಗೆ 2 ಮೀಟರ್, ಒಳಗಿನ ಲೈನಿಂಗಿಗೆ 2 ಮೀಟರ್ ಸಾಕು.

ಮಕಮಲ್ಲು ದೀಪದ ಬೆಳಕಿಗೆ ಬಹಳ ಚಂದ, ಒಪ್ಪುತ್ತೇನೆ. ಆದರೆ ಅದರ ರೋಮಕ್ಕೆ ದಿಕ್ಕಿದೆ. ಒಂದು ತುಂಡು ತಲೆಕೆಳಗಾಗಿ ಕತ್ತರಿಸಿದರೆ ಎರಡು ಬಣ್ಣದ ಹಾಗೆ ಕಾಣುತ್ತದೆ. ಹೊಲಿಯುವಾಗ ಮೇಲಿನ ಪದರ ಜಾರುತ್ತದೆ, ಮೇಲಿನಿಂದ ಇಸ್ತ್ರಿ ಒತ್ತುವಂತಿಲ್ಲ. ಮೊದಲ ದಗಲೆಗೆ ದಟ್ಟ ನೇಯ್ಗೆಯ ಹತ್ತಿಯೇ ಇರಲಿ, ತೋಳಿಗೂ ಅಂಚಿಗೂ ಜರಿ ಪಟ್ಟಿ ಹಚ್ಚಿದರೆ ಕಳೆ ಬರುತ್ತದೆ. ಬಣ್ಣ ಯಾವುದೆಂದು ಮಗನಿಗೆ ಕಲಿಸುವ ಗುರುಗಳನ್ನೇ ಕೇಳಿ, ನೀವಾಗಿ ಆರಿಸಬೇಡಿ. ಕೆಂಪು ಬಟ್ಟೆ ತಂದರೆ ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಬಣ್ಣ ಬಿಡುವುದಾದರೆ ಬೆವರಿಗೂ ಬಿಡುತ್ತದೆ. ಲೈನಿಂಗ್ ಮಾತ್ರ ಕಡ್ಡಾಯವಾಗಿ ಹತ್ತಿಯದ್ದೇ ಆಗಬೇಕು. ಕರಾವಳಿಯ ಸೆಕೆ, ಮೇಲೆ ಅಷ್ಟು ಕಟ್ಟು, ಎದುರು ದೀಪ. ಮಕ್ಕಳು ಒಳಗೆ ಬೇಯುತ್ತಾರೆ.

ಜಿಪ್ ಬೇಡ, ಆಟದ ನಡುವೆ ಕಚ್ಚಿಕೊಂಡರೆ ಯಾರೂ ಏನೂ ಮಾಡುವಂತಿಲ್ಲ. ಬಟ್ಟೆಯದೇ ಲಾಡಿ ಹೊಲಿದು ಹಿಂದೆ ನಾಲ್ಕು ಕಡೆ ಕಟ್ಟುವಂತೆ ಮಾಡಿ. ಭುಜದ ಹೊಲಿಗೆಯೊಳಗೆ ಒಂದು ಇಂಚು ಅಗಲದ ಕ್ಯಾನ್ವಾಸ್ ಪಟ್ಟಿ ಸೇರಿಸಿ. ಭುಜಕೀರ್ತಿಯ ದಾರ ಎಳೆಯುವುದು ಅಲ್ಲಿಯೇ.

ಇಷ್ಟು ಓದಿ ನೇರ ಹೊಸ ಬಟ್ಟೆಗೆ ಕತ್ತರಿ ಹಾಕಬೇಡಿ. ಹಳೆಯ ಪಂಚೆಯಲ್ಲಿ ಒಮ್ಮೆ ಹೊಲಿದು, ಮಗನಿಗೆ ತೊಡಿಸಿ, ಮನೆಯಂಗಳದಲ್ಲಿ ಪೂರ್ತಿ ಪ್ರವೇಶದ ಕುಣಿತ ಕುಣಿಸಿ. ಎಲ್ಲಿ ಎಳೆಯುತ್ತದೆಯೋ ಅಲ್ಲಿ ಬಟ್ಟೆಯಲ್ಲಿ ಗೆರೆ ಬೀಳುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಇನ್ನೊಂದು ಮಾತು. ಹೊನ್ನಾವರದವರಿಗೆ ಗುಣವಂತೆ ಎಷ್ಟು ದೂರ? ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಊರು ಅದು. ಅವರದಾಗಲಿ, ಬೇರೆ ಮೇಳದ್ದಾಗಲಿ, ಆಟ ಇದ್ದ ದಿನ ಒಂದೆರಡು ಗಂಟೆ ಮುಂಚೆ ಹೋಗಿ, ಅನುಮತಿ ಕೇಳಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಒಂದು ಮೂಲೆಗೆ ಕೂತುಕೊಳ್ಳಿ. ಯಾವುದರ ಮೇಲೆ ಯಾವುದು ಬರುತ್ತದೆ, ಎಲ್ಲಿ ಬಿಗಿಯುತ್ತಾರೆ, ಸೊಂಟಕ್ಕೆ ಎಷ್ಟು ಬಟ್ಟೆ ಸುತ್ತಿ ದಪ್ಪ ಮಾಡುತ್ತಾರೆ ಎಂಬುದನ್ನು ಕಣ್ಣಿಂದ ಒಮ್ಮೆ ನೋಡಿದರೆ ನನ್ನ ಹತ್ತು ಪತ್ರ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಕಾರವಾರದಲ್ಲಿ ಸಮುದ್ರಕ್ಕೆ ಹತ್ತಿರ ಮನೆ. ಸೂಜಿ, ಗುಂಡುಪಿನ್ನು ಎಲ್ಲ ತಿಂಗಳಲ್ಲೇ ತುಕ್ಕು. ಬಿಳಿ ಬಟ್ಟೆಗೆ ಕಲೆಯೂ ಆಗಿದೆ.

ಉಪ್ಪುಗಾಳಿಯ ಕಾಟ. ಹೊಲಿದು ಮುಗಿದ ಮೇಲೆ ಸೂಜಿಯನ್ನು ಮಷಿನ್ನಿನಲ್ಲಿ ಬಿಡಬೇಡಿ. ಒಂದು ಹನಿ ಮಷಿನ್ ಎಣ್ಣೆ ಹಾಕಿದ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಮಷಿನ್ನಿಗೂ ಎಣ್ಣೆ ಹಾಕಿ ಹಳೆಯ ಚಿಂದಿಯ ಮೇಲೆ ಎಣ್ಣೆಕಲೆ ಬೀಳುವುದು ನಿಲ್ಲುವವರೆಗೆ ಓಡಿಸಿ, ಆಮೇಲೆಯೇ ಒಳ್ಳೆಯ ಬಟ್ಟೆ ಹಿಡಿಯಿರಿ. ತೆಂಗಿನೆಣ್ಣೆ ಹಾಕುವವರಿದ್ದಾರೆ, ಅದು ಅಂಟಾಗಿ ಗಟ್ಟಿಯಾಗುತ್ತದೆ. ಬಿಳಿ ಹತ್ತಿಯ ಮೇಲಿನ ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ ತೊಳೆಯಿರಿ. ಬಣ್ಣದ ಬಟ್ಟೆಗೆ ಇದನ್ನು ಮಾಡಬೇಡಿ.

ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಹೊಲಿಗೆ ತರಗತಿಗೆ ಹೋಗಲು ಸಮಯವಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಬ್ಲೌಸ್ ಕಲಿಯಲು ಆಗುತ್ತದೆಯೇ? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ.

ವಿಡಿಯೋ ನೋಡುವುದು ತಪ್ಪಲ್ಲ ಮಗಳೇ. ಆದರೆ ಅವರ ಲೆಕ್ಕ ಅವರ ಮುಂದಿರುವ ಮೈಯದ್ದು. ನಿಮ್ಮ ಬೀರುವಿನಲ್ಲೇ ಒಬ್ಬ ಗುರು ಇದ್ದಾರೆ. ನಿಮಗೆ ಚೆನ್ನಾಗಿ ಕೂರುವ, ಈಗ ಹಾಕದ ಹಳೆಯ ಬ್ಲೌಸ್ ಒಂದನ್ನು ತೆಗೆಯಿರಿ. ಒಳಗಡೆ ಪ್ರತಿ ತುಂಡಿನ ಮೇಲೆ ಮುಂದು, ಹಿಂದು, ತೋಳು ಎಂದು ಬರೆಯಿರಿ. ಆಮೇಲೆ ಎಡ ಅರ್ಧವನ್ನು ಮಾತ್ರ ಬಿಚ್ಚಿ. ಬಲ ಅರ್ಧ ಹಾಗೇ ಇರಲಿ, ಯಾವುದು ಮೊದಲು ಸೇರಿತು, ಟಕ್ಸ್ (ಮೈಗೆ ಕೂರಲು ಹಿಡಿದ ಮಡಿಕೆ) ಯಾವ ಕಡೆ ಮಡಚಿದೆ ಎಂದು ನೋಡಲು ಬೇಕಾಗುತ್ತದೆ. ಬಿಚ್ಚುವಾಗ ದಾರ ಎಳೆದು ಕೀಳಬೇಡಿ, ಮೂರು ಹೊಲಿಗೆಗೆ ಒಂದರಂತೆ ಕತ್ತರಿಸುತ್ತ ಹೋಗಿ. ಬಿಚ್ಚಿದ ತುಂಡನ್ನು ಎಳೆಯದೆ ಇಸ್ತ್ರಿ ಒತ್ತಿ, ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಹಾಸು (ಉದ್ದದ ಎಳೆ) ಯಾವ ಕಡೆ, ಹೊಕ್ಕು (ಅಡ್ಡ ಎಳೆ) ಯಾವ ಕಡೆ ಎಂದು ಬಾಣದ ಗುರುತು ಹಾಕಿ.

ತೋಳಿನ ತುಂಡನ್ನು ನಡುವೆ ಮಡಚಿ ನೋಡಿ. ಎರಡು ಬದಿಯ ತಿರುವು ಒಂದೇ ಇರುವುದಿಲ್ಲ. ಮುಂದಿನದು ಒಳಗೆ ಹೆಚ್ಚು ಕೊರೆದಿರುತ್ತದೆ. ನನ್ನಲ್ಲಿ ಕಲಿತವರಲ್ಲಿ ಬಹುಪಾಲು ಮಂದಿ ಮೊದಲ ಬ್ಲೌಸಿನಲ್ಲಿ ಎರಡೂ ತೋಳನ್ನು ಒಂದೇ ಕೈಗೆ ಕತ್ತರಿಸಿದ್ದಾರೆ. ಒಳಹೊರಗು ಒಂದೇ ಇರುವ ಬಟ್ಟೆಯಾದರೆ ಮಗುಚಿಕೊಂಡು ಉಳಿದುಕೊಳ್ಳಬಹುದು, ಹೂವಿನ ಬಟ್ಟೆಯಾದರೆ ಹೋದ ಹಾಗೇ. ಬಟ್ಟೆಯ ಹೊರಮೈಗೆ ಹೊರಮೈ ಎದುರುಬದುರು ಇಟ್ಟು ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಿದರೆ ಒಂದು ಎಡಕ್ಕೆ, ಒಂದು ಬಲಕ್ಕೆ ತಾನಾಗಿ ಬರುತ್ತದೆ.

ಕಾಗದದ ಗೆರೆಗಳನ್ನು ಕತ್ತರಿಸುವ ಮೊದಲು, ನಿಮ್ಮ ಎದೆ, ಭುಜ, ತೋಳಿನ ಅಳತೆಯನ್ನು ಪಕ್ಕದಲ್ಲಿ ಬರೆದು ಒಂದು ಪ್ರತಿ ನನಗೆ ಕಳಿಸಿ. ತಿರುವು ಸರಿ ಬಂದಿದೆಯೇ ನೋಡಿ, ತಪ್ಪಿದ್ದಲ್ಲಿ ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಮರಳಿ ಕಳಿಸುತ್ತೇನೆ.