ಕೊರೊನಾ ಕಾಲದಲ್ಲಿ ಕಾರವಾರದ ಹೋಟೆಲ್ ಕೆಲಸಗಾರರ ಸಂಬಳಕ್ಕೆ ಸರ್ಕಾರ ದುಡ್ಡು ಕೊಟ್ಟಿತ್ತಾ?

ನೇರವಾಗಿ ಸಂಬಳ ಕೊಡಲಿಲ್ಲ. ಬ್ರಿಟನ್ ಕೊಟ್ಟಿತು: ಕೆಲಸ ನಿಂತು ಮನೆಯಲ್ಲಿ ಕೂತವರಿಗೂ ಸಂಬಳದ ಶೇ. 80ರಷ್ಟು, ತಿಂಗಳಿಗೆ ಹೆಚ್ಚೆಂದರೆ 2,500 ಪೌಂಡ್.

ನಮ್ಮಲ್ಲಿ ಕೇಂದ್ರ ಸರ್ಕಾರ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಪಿಎಫ್ ಕಟ್ಟಿತು. ಮಾಲೀಕರ ಪಾಲು ಶೇ. 12, ಕೆಲಸಗಾರರ ಪಾಲು ಶೇ. 12. ಅಂದರೆ 10,000 ರೂಪಾಯಿ ಸಂಬಳಕ್ಕೆ 2,400 ರೂಪಾಯಿ. ಆದರೆ ಸಂಸ್ಥೆಯಲ್ಲಿ 100 ಜನ ಮೀರಬಾರದು, ಅವರಲ್ಲಿ ಶೇ. 90 ಮಂದಿಯ ಸಂಬಳ 15,000ಕ್ಕಿಂತ ಕಡಿಮೆ ಇರಬೇಕಿತ್ತು.

ನನಗೆ ಬೇಜಾರಾಗುವುದು ಇಲ್ಲೇ. 20 ಜನರಿಗಿಂತ ಕಡಿಮೆ ಇರುವ ಕಡೆ ಸಾಮಾನ್ಯವಾಗಿ ಪಿಎಫ್ ಕಡ್ಡಾಯವಲ್ಲ. ಗೋಕರ್ಣದ ಐದಾರು ಜನರ ಖಾನಾವಳಿಗೆ, ಮೀನಿನ ಪಾಲು ನಂಬಿ ಬೋಟ್ ಹತ್ತುವವರಿಗೆ ಇದರಿಂದ ಏನು ಸಿಕ್ಕೀತು? ಊರಿಗೆ ಹೋದ ಅಡುಗೆಯವರು ಮತ್ತೆ ಬರುತ್ತಾರೆ ಅನ್ನೋ ಖಾತ್ರಿಯೂ ಇರಲಿಲ್ಲ.